ದುರ್ಗದಬೈಲ್ ಹಿಂದಿನ ಹಳೇ ಸಾಮಾನಿನ ಅಂಗಡಿ: ಚೀನಾ ಪಿಂಗಾಣಿ ಕೊಳ್ಳುವವರು ಓದಿ

ಹುಬ್ಬಳ್ಳಿಯಲ್ಲಿ ಹಳೇ ಸಾಮಾನಿನ ಅಂಗಡಿಗಳಿಗೆ ಬರವಿಲ್ಲ. ತಾಮ್ರದ ಹಂಡೆ, ಕಂದೀಲು, ಕೀಲಿ ಕೊಡುವ ಗಡಿಯಾರ, ಗ್ರಾಮೊಫೋನಿನ ಕಹಳೆ ಎಲ್ಲ ಕಡೆ ಸಿಗುತ್ತವೆ. ಆದರೆ ಚೀನಾದ ಪಿಂಗಾಣಿಯನ್ನು ಗಿರಾಕಿಯ ಕೈಗೇ ಕೊಟ್ಟು, "ಮೊದ್ಲ ಬುಡ ನೋಡ್ರಿ" ಅನ್ನುವ ಅಂಗಡಿ ನಾನು ಕಂಡಿದ್ದು ಇದೊಂದೇ. ದುರ್ಗದಬೈಲಿನ ಗದ್ದಲ ದಾಟಿ, ಪಾತ್ರೆ ಅಂಗಡಿಗಳ ಹಿಂದಿನ ಸಂದಿಯಲ್ಲಿದೆ. ಹೆಸರು ಬರೆಯುತ್ತಿಲ್ಲ. ಮಾಲೀಕರೇ ಬೇಡ ಅಂದರು. "ಹೆಸರು ಹಾಕಿದ್ರ ನಾಳೆ ಎಲ್ಲಾರೂ ಅಜ್ಜಿ ಭರಣಿ ಹೊತ್ಕೊಂಡು ರೇಟ್ ಕೇಳಾಕ ಬರ್ತಾರ್ರಿ. ನನ್ನ ಯಾಪಾರ ಯಾರ ಮಾಡ್ತಾರ?" ಅನ್ನುವುದು ಅವರ ಮಾತು. ಆ ಸಂದಿಯಲ್ಲಿ ಎಲ್ಲರೂ ಅವರನ್ನು ಚಾಚಾ ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತೇನೆ.

ನನ್ನ ಬಗ್ಗೆ ಎರಡು ಮಾತು. ಧಾರವಾಡದವನು, ಪತ್ತಾರರ ಮನೆಯವನು. ಬ್ಯಾಂಕಿನಲ್ಲಿ ಬಂಗಾರದ ಸಾಲಕ್ಕೆ ಬರುವ ಒಡವೆಗಳನ್ನು ಪರೀಕ್ಷೆ ಮಾಡಿಕೊಡುವುದು ಕಸುಬು. ಪಿಂಗಾಣಿಯ ಹುಚ್ಚು ಹತ್ತಿದ್ದು ವಿಜಯಪುರದಲ್ಲಿ, ಗೋಳಗುಮ್ಮಟದ ಮುಂದಿನ ಮ್ಯೂಸಿಯಮ್ಮಿನಲ್ಲಿ. ಆದಿಲ್‌ಶಾಹಿಗಳ ಕಾಲದ ಸಾಮಾನಿನ ನಡುವೆ ಚೀನಾದ ತಟ್ಟೆಗಳೂ ಇವೆ ಅಂತ ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಹಂಪಿಯ ಅಗೆತದಲ್ಲೂ ಚೀನಾ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಅಂದರೆ ಈ ಸಾಮಾನು ನಮ್ಮ ಕಡೆಗೆ ಹೊಸದೇನಲ್ಲ.

ಬಂಗಾರಕ್ಕೆ ಒರೆಗಲ್ಲು ಇದೆ, ಆಸಿಡ್ ಇದೆ, ಈಗ ಎಕ್ಸ್‌ರೇ ಹಾಯಿಸಿ ಶುದ್ಧತೆ ಹೇಳುವ ಕ್ಯಾರಟ್ ಮಷಿನ್ನೂ ಇದೆ. ಅರ್ಧ ನಿಮಿಷದಲ್ಲಿ ಉತ್ತರ. ಪಿಂಗಾಣಿಗೆ ಇಂಥದ್ದು ಯಾವುದೂ ಅಂಗಡಿಯಲ್ಲಿ ಸಿಗುವುದಿಲ್ಲ. ಕಣ್ಣು, ಕೈ, ಒಂದು ಲೂಪು (ಕಣ್ಣಿಗೆ ಹಿಡಿಯುವ ಪುಟ್ಟ ಭೂತಗನ್ನಡಿ), ಒಂದು ಟಾರ್ಚು. ಅದಕ್ಕೇ ಅಂಗಡಿಯವನು ಎಂಥವನು ಅನ್ನುವುದು ಇಲ್ಲಿ ಬಂಗಾರದ ಅಂಗಡಿಗಿಂತ ಜಾಸ್ತಿ ಮುಖ್ಯ.

ಅಂಗಡಿ ಉದ್ದಕ್ಕಿದೆ, ಅಗಲ ಕಡಿಮೆ. ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಬೇಕು. ಎರಡೂ ಕಡೆ ಕಬ್ಬಿಣದ ಕಪಾಟು. ಬೆಳಕು ಕೆಟ್ಟದಾಗಿದೆ, ಇದು ನನ್ನ ಮೊದಲ ತಕರಾರು. ಒಂದೇ ಒಂದು ಹಳದಿ ಬಲ್ಬು. ಆ ಬೆಳಕಿನಲ್ಲಿ ಎಲ್ಲ ಬಿಳಿ ಪಿಂಗಾಣಿಯೂ ನೂರು ವರ್ಷ ಹಳೆಯದಾಗಿ ಕಾಣುತ್ತದೆ. ಬಾಗಿಲ ಹತ್ತಿರ ತಂದು ಬಿಸಿಲಿನಲ್ಲಿ ನೋಡಬೇಕು ಅಂದರೆ ಚಾಚಾ ಬೇಡ ಅನ್ನುವುದಿಲ್ಲ. ಆದರೆ ಬಾಗಿಲ ಹತ್ತಿರ ಒಂದು ಟೇಬಲ್ ಕೂಡ ಇಲ್ಲ. ಮುನ್ನೂರು ರೂಪಾಯಿಯ ಬಿಳಿ ಎಲ್‌ಇಡಿ ಹಾಕಿಸಿ ಅಂತ ಹೇಳಿ ಹೇಳಿ ಸಾಕಾಗಿದೆ.

ಚೀನಾ ಸಾಮಾನು ಇರುವುದು ಒಳಗಿನ ಎರಡು ಕಪಾಟಿನಲ್ಲಿ. ಮಾಲು ಜಾಸ್ತಿ ಬರುವುದು ಗೋವಾದಿಂದ, ಮಡಗಾಂವ್ ಕಡೆಯ ಹಳೇ ಮನೆಗಳಿಂದ. ಪೋರ್ಚುಗೀಸರಿಗೆ ಮಕಾವ್ ಕೈಯಲ್ಲಿತ್ತು, ಗೋವಾವೂ ಕೈಯಲ್ಲಿತ್ತು. ಹೀಗಾಗಿ ಅಲ್ಲಿಯ ದೊಡ್ಡ ಮನೆಗಳಿಗೆ ನೀಲಿ-ಬಿಳಿ ಚೀನಾ ತಟ್ಟೆಗಳು ಸಾಕಷ್ಟು ಬಂದಿದ್ದು ನಿಜ. ಆ ನಿಜದ ಬೆನ್ನು ಹತ್ತಿ ಸುಳ್ಳೂ ಬರುತ್ತದೆ. ಪ್ರತಿ ಹೂಜಿಗೂ ಒಂದು ಜಾತಕ ಬರೆದಿಟ್ಟಿರುತ್ತಾರೆ: ಇಂಥ ಲ್ಯಾಂಡ್‌ಲಾರ್ಡ್ ಮನೆಯದು, ಮುತ್ತಜ್ಜ ಮಕಾವ್‌ನಿಂದ ತಂದದ್ದು, ಮಕ್ಕಳೆಲ್ಲ ಲಿಸ್ಬನ್‌ನಲ್ಲಿದ್ದಾರೆ. ಬ್ಯಾಂಕಿನಲ್ಲೂ ನನಗೆ ಇದೇ ಅನುಭವ. ಸರದ ಕಥೆ ಎಷ್ಟು ಉದ್ದ ಇರುತ್ತದೋ ಅಷ್ಟು ಹುಷಾರಾಗಿ ಒರೆ ಹಚ್ಚಬೇಕು.

ಚಾಚಾ ಕಥೆ ಹೇಳುವುದಿಲ್ಲ. ತಟ್ಟೆ ತೆಗೆದು ಬೋರಲು ಹಾಕಿ ಮುಂದಿಡುತ್ತಾರೆ. ಅದು ಸರಿಯಾದ ಕ್ರಮ. ಚಿತ್ರವನ್ನು ಯಾರು ಬೇಕಾದರೂ ನಕಲು ಮಾಡಬಹುದು, ಮಾಡುತ್ತಲೂ ಇದ್ದಾರೆ. ಚೀನಾದ ಪಿಂಗಾಣಿಯ ಊರಾದ ಜಿಂಗ್‌ಡೆಜೆನ್‌ನ ಕುಶಲಕರ್ಮಿಗಳು ಇವತ್ತಿಗೂ ಮಿಂಗ್ ರಾಜಮನೆತನದ ಕಾಲದ ಡ್ರ್ಯಾಗನ್ನನ್ನು ಕುಂಚದಲ್ಲಿ ಬರೆಯಬಲ್ಲರು. ಬುಡದ ವಿಷಯಕ್ಕೆ ಬಂದಾಗ ನಕಲಿನವನಿಗೆ ಕಷ್ಟ ಶುರುವಾಗುತ್ತದೆ.

ಬುಡದಲ್ಲಿ ಏನು ನೋಡಬೇಕು? ತಟ್ಟೆ ಅಥವಾ ಬಟ್ಟಲು ನಿಲ್ಲುವ ಆ ಉಂಗುರದ ಅಂಚಿಗೆ ಸಾಮಾನ್ಯವಾಗಿ ಮೆರುಗು, ಅಂದರೆ ಗಾಜಿನಂಥ ಮೇಲಿನ ಲೇಪ, ಇರುವುದಿಲ್ಲ. ಇದ್ದರೆ ಸುಮಾರು 1300 ಡಿಗ್ರಿ ಶಾಖದಲ್ಲಿ ಅದು ಕರಗಿ ಕುಂಬಾರರ ಆವಿಗೆಗೇ (ಸುಡುವ ಭಟ್ಟಿಗೇ) ಅಂಟಿಕೊಳ್ಳುತ್ತಿತ್ತು. ಹಾಗಾಗಿ ಮಣ್ಣು ಬರಿಮೈಯಲ್ಲಿ ಕಾಣುವ ಜಾಗ ಹೆಚ್ಚಾಗಿ ಇದೊಂದೇ. ಮಣ್ಣು ನುಣುಪೋ ಒರಟೋ, ಬಿಳಿಯೋ ಬೂದಿಯೋ, ಮರಳಿನ ಕಣ ಅಂಟಿದೆಯೋ ಇಲ್ಲವೋ ಎಲ್ಲ ಇಲ್ಲೇ ತಿಳಿಯಬೇಕು. ಮೆರುಗು ನಿಂತು ಬರಿಮಣ್ಣು ಶುರುವಾಗುವ ಗೆರೆಯಲ್ಲಿ ಅನೇಕ ಹಳೆಯ ಪಾತ್ರೆಗಳಲ್ಲಿ ಸಣ್ಣ ಕಿತ್ತಳೆ ಬಣ್ಣದ ಎಳೆ ಕಾಣುತ್ತದೆ. ಅದು ಮಣ್ಣಿನೊಳಗಿನ ಕಬ್ಬಿಣದ ಅಂಶ ಸುಡುವಾಗ ಮೇಲೆ ಬಂದದ್ದು. ನಕಲಿನವರಿಗೂ ಇದು ಗೊತ್ತು. ಅವರು ಕಂದು ಬಣ್ಣ ಬಳಿಯುತ್ತಾರೆ. ಆದರೆ ಬಳಿದ ಬಣ್ಣ ಗೆರೆಯಲ್ಲಿ ಮಾತ್ರ ನಿಲ್ಲುವುದಿಲ್ಲ, ಉಂಗುರದ ತುಂಬ ಹರಡುತ್ತದೆ.

ಆಮೇಲೆ ಸವೆತ. ನೂರು ವರ್ಷ ಕಪಾಟಿನ ಮೇಲೆ ಎಳೆದಾಡಿದ ತಟ್ಟೆಯ ಅಂಚು ಬೆರಳಿಗೆ ಮೆತ್ತಗೆ ಸಿಗುತ್ತದೆ. ಹೊಸದರ ಅಂಚು ಚುರುಕಾಗಿರುತ್ತದೆ, ಇಲ್ಲವೇ ಯಾರೋ ಉಜ್ಜಿದ ಹಾಗೆ ಎಲ್ಲ ಕಡೆ ಒಂದೇ ಸಮ ಇರುತ್ತದೆ. ಗೀರುಗಳನ್ನು ಲೂಪಿನಲ್ಲಿ ನೋಡಿ. ನಿಜವಾಗಿ ಬಳಸಿದ ಪಾತ್ರೆಯ ಗೀರು ಹತ್ತು ದಿಕ್ಕಿಗೆ ಓಡುತ್ತದೆ, ಒಂದು ಆಳ, ಒಂದು ತೆಳು, ಕೆಲವುದರಲ್ಲಿ ಕೊಳೆ ತುಂಬಿ ಕಪ್ಪಾಗಿರುತ್ತದೆ. ಮರಳು ಕಾಗದದ ಗೀರು ಸಾಲಾಗಿ ಒಂದೇ ದಿಕ್ಕಿಗೆ ಮಲಗಿರುತ್ತದೆ. ನಾವು ಪತ್ತಾರರು ಇದನ್ನು ಚಿಕ್ಕವರಿದ್ದಾಗಿಂದ ನೋಡಿದ್ದೇವೆ. ಹೊಸ ಬಳೆಯನ್ನು ಹಳೇದು ಅಂತ ತೋರಿಸಲು ಅರದಲ್ಲಿ ಉಜ್ಜಿ ತಂದವರು ಎಷ್ಟೋ ಜನ.

ಇನ್ನೊಂದು ಮೋಸ ಆಸಿಡ್ಡಿನದು. ಹೊಸ ಮೆರುಗಿನ ಕಣ್ಣು ಕುಕ್ಕುವ ಹೊಳಪು ಕಳೆಯಲು ಹೈಡ್ರೋಫ್ಲೋರಿಕ್ ಆಸಿಡ್ಡಿನಲ್ಲಿ ಅದ್ದುತ್ತಾರೆ. ಹೊಳಪು ಹೋಗುತ್ತದೆ, ಆದರೆ ಎಲ್ಲ ಕಡೆಯೂ ಹೋಗುತ್ತದೆ. ಬುಡದ ಉಂಗುರದ ಒಳಮೂಲೆಗೆ ಯಾರ ಕೈ ತಾಕುತ್ತದೆ, ಯಾವ ಬಟ್ಟೆ ತಾಕುತ್ತದೆ? ಅಲ್ಲೂ ಮಂಕಾಗಿದ್ದರೆ ಅದು ವಯಸ್ಸಿನ ಮಂಕಲ್ಲ.

ಈ ಅಂಗಡಿಯಲ್ಲಿ ನಾನು ಕೊಂಡ ಒಂದು ತಟ್ಟೆಯ ಬಗ್ಗೆ ಹೇಳುತ್ತೇನೆ. ಅಂಗೈ ಎರಡರಷ್ಟು ಅಗಲ, ಬೂದಿ ಬಿಳುಪು, ಮೇಲೆ ಮಸುಕು ನೀಲಿಯಲ್ಲಿ ಅವಸರದಿಂದ ಎಳೆದ ಬಳ್ಳಿ. ನೋಡಲು ಚೆಂದ ಏನಲ್ಲ. ಮನೆಯವಳು "ಇದಕ್ಕ ರೊಕ್ಕ ಕೊಟ್ರೇನು?" ಅಂದಳು. ತಟ್ಟೆಯ ಒಳಗೆ, ನಡುವಿನಲ್ಲಿ, ಮೆರುಗು ಕೆರೆದು ತೆಗೆದ ಒಂದು ಉಂಗುರವಿದೆ. ಅದೇ ಇದರ ಸೊಗಸು. ಚೀನಾದ ಫುಜಿಯಾನ್ ಕಡೆಯ ಆವಿಗೆಗಳಲ್ಲಿ 19ನೇ ಶತಮಾನದಲ್ಲಿ ಇಂಥ ಅಗ್ಗದ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಸುಡುತ್ತಿದ್ದರು. ಮೇಲಿನ ತಟ್ಟೆಯ ಬುಡ ಕೆಳಗಿನದಕ್ಕೆ ಅಂಟಬಾರದು, ಅದಕ್ಕೆ ಅಷ್ಟು ಜಾಗದ ಮೆರುಗು ತೆಗೆದುಬಿಡುತ್ತಿದ್ದರು. ಆ ಉಂಗುರದ ಒರಟು ಮಣ್ಣಿನಲ್ಲಿ ಅರಿಶಿಣದ ಹಾಗೆ ಏನೋ ಕೂತಿದೆ, ತೊಳೆದರೂ ಹೋಗಿಲ್ಲ. ಯಾರೋ ಇದರಲ್ಲಿ ವರ್ಷಗಟ್ಟಲೆ ಊಟ ಮಾಡಿದ್ದಾರೆ. ಬುಡದಲ್ಲಿ ಮರಳು ಅಂಟಿದೆ, ನೀಲಿ ಬಣ್ಣ ಒಂದು ಕಡೆ ಒಡೆದು ಕಪ್ಪಾಗಿದೆ. ಆಗ್ನೇಯ ಏಷ್ಯಾದ ಅಡಿಗೆಮನೆಗಳಿಗೆ ಇಂಥವು ಹಡಗುಗಟ್ಟಲೆ ಹೋದವು. ಇದರ ನಕಲು ಮಾಡುವವನಿಗೆ ಕೂಲಿ ಗಿಟ್ಟುವುದು ಕಷ್ಟ. 2,200 ರೂಪಾಯಿ ಕೊಟ್ಟೆ. ಚೌಕಾಸಿ ಮಾಡಿದ ಮೇಲೆ. ಹೊಸದಾಗಿ ಶುರು ಮಾಡುವವರಿಗೆ ನನ್ನ ಮಾತು ಇಷ್ಟೇ, ರಾಜರ ಹೂಜಿ ಬಿಡಿ, ಬಡವರ ತಟ್ಟೆ ಹಿಡಿಯಿರಿ. ಕೈ ಪಳಗುವುದು ಇಂಥದ್ದರಲ್ಲೇ.

ಮುದ್ರೆಯ ವಿಷಯ ಬಂದರೆ ಜನ ಇನ್ನೂ ಬೇಗ ಮೋಸ ಹೋಗುತ್ತಾರೆ. ಬುಡದಲ್ಲಿ ನೀಲಿಯಲ್ಲಿ ಆರು ಚೀನೀ ಅಕ್ಷರ ಕಂಡ ತಕ್ಷಣ ಮೊಬೈಲ್ ತೆಗೆದು ಫೋಟೋ ಹೊಡೆದು, ಕಾಂಗ್‌ಶಿ ಚಕ್ರವರ್ತಿ ಅಂತ ಬಂದರೆ ಕುಣಿಯುತ್ತಾರೆ. ಕಾಂಗ್‌ಶಿ ಆಳಿದ್ದು 1662ರಿಂದ 1722. ಅವನ ಹೆಸರು ಹೊತ್ತ ಪಾತ್ರೆಗಳಲ್ಲಿ ಎಷ್ಟೋ ಆಗಿದ್ದು 19ನೇ ಶತಮಾನದ ಕೊನೆಗೆ, ಗ್ವಾಂಗ್‌ಶು ಚಕ್ರವರ್ತಿಯ ಕಾಲದಲ್ಲಿ. ಚೀನಾದ ಕುಂಬಾರರು ಹಿಂದಿನ ರಾಜರ ಮುದ್ರೆಯನ್ನು ಗೌರವಕ್ಕೂ ಹಾಕುತ್ತಿದ್ದರು, ಮಾರಾಟಕ್ಕೂ ಹಾಕುತ್ತಿದ್ದರು. ಇನ್ನೂ ಮಜಾ ಕೇಳಿ. 1677ರಲ್ಲಿ ಜಿಂಗ್‌ಡೆಜೆನ್‌ನ ಅಧಿಕಾರಿಯೊಬ್ಬ ಪಾತ್ರೆಗಳ ಮೇಲೆ ಚಕ್ರವರ್ತಿಯ ಹೆಸರು ಬರೆಯಬಾರದು, ಒಡೆದರೆ ಅವಮಾನ ಅಂತ ಅಪ್ಪಣೆ ಹೊರಡಿಸಿದ. ಹಾಗಾಗಿ ಕಾಂಗ್‌ಶಿ ಕಾಲದ ನಿಜವಾದ ಎಷ್ಟೋ ಪಾತ್ರೆಗಳ ಬುಡದಲ್ಲಿ ಬರೀ ಎರಡು ಸುತ್ತು ಗೆರೆ, ಇಲ್ಲವೇ ಒಂದು ಎಲೆಯ ಚಿತ್ರ. ಹೆಸರಿಲ್ಲದ್ದು ಅಸಲಿ, ಹೆಸರಿದ್ದದ್ದು ಇನ್ನೂರು ವರ್ಷ ತಡ!

ಹಾಗಂತ ಗ್ವಾಂಗ್‌ಶು ಕಾಲದ್ದನ್ನು ನಕಲು ಅಂತ ಮೂಲೆಗೆ ಎಸೆಯಬೇಕಿಲ್ಲ. ಅದಕ್ಕೂ ನೂರು ವರ್ಷ ದಾಟಿದೆ. ಬೆಲೆ ಆ ಲೆಕ್ಕದಲ್ಲಿ ಕೊಟ್ಟರಾಯಿತು.

ಇಂಗ್ಲಿಷಿನಲ್ಲಿ ಚೈನಾ ಅಂತ ಬರೆದಿದ್ದರೆ ಕೆಲಸ ಸ್ವಲ್ಪ ಸುಲಭ. 1890ರ ಅಮೆರಿಕದ ಸುಂಕದ ಕಾನೂನು ಬಂದ ಮೇಲೆ ಅಲ್ಲಿಗೆ ಹೋಗುವ ಮಾಲಿನ ಮೇಲೆ ದೇಶದ ಹೆಸರು ಹಾಕಬೇಕಾಯಿತು. ಹಾಗಿದ್ದರೆ ಅದಕ್ಕಿಂತ ಹಳೇದಲ್ಲ ಅಂತ ಹೇಳಬಹುದು. ಬರೆದಿಲ್ಲ ಅಂದ ಮಾತ್ರಕ್ಕೆ ಹಳೇದು ಅಂತ ಹೇಳಲು ಬರುವುದಿಲ್ಲ. ಅಮೆರಿಕಕ್ಕೆ ಹೋಗದ ಮಾಲಿಗೆ ಆ ಕಾನೂನು ಯಾಕೆ?

ಈಗ ಅಂಗಡಿಯ ದೊಡ್ಡ ಹೂಜಿಗೆ ಬರೋಣ. ಒಳಗೆ ಹೋದ ಕೂಡಲೇ ಕಣ್ಣಿಗೆ ಬೀಳುವುದು ಅದೇ. ಗುಂಡು ಹೊಟ್ಟೆ, ಉದ್ದ ಕತ್ತು, ಮೈಮೇಲೆ ಗುಲಾಬಿ ಬಣ್ಣದ ಪೀಚ್ ಹಣ್ಣುಗಳು. ಕತ್ತಿಗೆ ಒಂದು ಚೀಟಿ ನೇತಾಡುತ್ತದೆ: "ಚಿಯಾನ್‌ಲಾಂಗ್ ಕಾಲ, ಗೋವಾ ಮನೆತನದ್ದು, 65,000". ಮಾಲು ಚಾಚಾನದಲ್ಲ, ಬೇರೆ ಯಾರೋ ಮಾರಿಕೊಡಿ ಅಂತ ಇಟ್ಟು ಹೋದದ್ದು. ಚಿಯಾನ್‌ಲಾಂಗ್ ಚಕ್ರವರ್ತಿ ಆಳಿದ್ದು 1736ರಿಂದ 1795. ಅವನ ಕಾಲದ ಅಸಲಿ ಪೀಚ್ ಹೂಜಿ 65 ಸಾವಿರಕ್ಕೆ ಸಿಗುವ ಹಾಗಿದ್ದರೆ ನಾನು ಮನೆ ಅಡ ಇಟ್ಟು ಕೊಳ್ಳುತ್ತಿದ್ದೆ.

ಚಾಚಾನ ಒಪ್ಪಿಗೆ ತಗೊಂಡು ಅದನ್ನು ಬಾಗಿಲ ಬೆಳಕಿಗೆ ತಂದೆವು. ಬುಡ ಪೂರ್ತಿ ಕಂದು. ಹತ್ತಿಗೆ ಸ್ವಲ್ಪ ಸ್ಪಿರಿಟ್ ಹಾಕಿ ಒಂದು ಕಡೆ ಒರೆಸಿದೆ. ಹತ್ತಿ ಚಹಾ ಬಣ್ಣಕ್ಕೆ ತಿರುಗಿತು, ಕೆಳಗೆ ಸುಣ್ಣದಂಥ ಬಿಳಿ ಮಣ್ಣು ಬಂತು. ನಾನು ಚಾಚಾನ ಮುಖ ನೋಡಿದೆ. ಅವರು ನಕ್ಕರು, "ನಂಗ ಗೊತ್ತಿತ್ರಿ ಪತ್ತಾರ್ರ, ಮುಂದ ನೋಡ್ರಿ" ಅಂದರು. ಕತ್ತಿನೊಳಗೆ ಟಾರ್ಚು ಬಿಟ್ಟೆ. ಹಳೇ ಕಾಲದಲ್ಲಿ ದೊಡ್ಡ ಹೂಜಿಯನ್ನು ತುಂಡು ತುಂಡಾಗಿ ತಿಗರಿಯ ಮೇಲೆ ಮಾಡಿ ಹಸಿ ಮಣ್ಣಿನಿಂದ ಜೋಡಿಸುತ್ತಿದ್ದರು. ಜೋಡಿಸಿದ ಜಾಗ ಒಳಗೆ ಉಬ್ಬಿ ಕಾಣುತ್ತದೆ, ಕೈ ಹೋದರೆ ಬೆರಳಿಗೂ ಸಿಗುತ್ತದೆ. ಇದರಲ್ಲಿ ಒಳಗೋಡೆ ನುಣ್ಣಗೆ, ಒಂದೇ ದಪ್ಪ. ಅಚ್ಚಿಗೆ ನೀರುಮಣ್ಣು ಹೊಯ್ದು ತೆಗೆದದ್ದು.

ಕೊನೆಗೆ ಪೀಚ್ ಹಣ್ಣಿನ ಮೇಲೆ ಲೂಪು ಇಟ್ಟೆ. ಇಲ್ಲಿ ಒಂದು ವಿಷಯ ಹೇಳಬೇಕು, ನನ್ನ ಕಸುಬಿಗೆ ಹತ್ತಿರದ್ದು. ಚೀನಾದವರ ಆ ಹೆಸರಾದ ಗುಲಾಬಿ ಬಣ್ಣ ಬರುವುದು ಬಂಗಾರದಿಂದ. ಬಂಗಾರವನ್ನು ಆಸಿಡ್ಡಿನಲ್ಲಿ ಕರಗಿಸಿ, ಅತಿ ಸಣ್ಣ ಕಣವಾಗಿ ಗಾಜಿನ ಪುಡಿಯಲ್ಲಿ ಸೇರಿಸಿದರೆ ಹಳದಿ ಹೋಗಿ ಗುಲಾಬಿ ಬರುತ್ತದೆ. ಯುರೋಪಿನಲ್ಲಿ ಮೊದಲೇ ಗೊತ್ತಿದ್ದ ಈ ಉಪಾಯ ಚೀನಾದ ಪಿಂಗಾಣಿಯಲ್ಲಿ ಕಾಣಿಸಿದ್ದು 1720ರ ಆಸುಪಾಸು. ಅದಕ್ಕಿಂತ ಹಿಂದಿನ ಮುದ್ರೆ ಇದ್ದು ಮೇಲೆ ಈ ಗುಲಾಬಿ ಇದ್ದರೆ ಅಲ್ಲೇ ಕೈ ಬಿಡಿ. ಅಸಲಿ ಕೆಲಸದಲ್ಲಿ ಈ ಬಣ್ಣ ಮೆರುಗಿನ ಮೇಲೆ ಸ್ವಲ್ಪ ಉಬ್ಬಿ ಕೂತಿರುತ್ತದೆ. ಕಣ್ಣು ಮುಚ್ಚಿ ಬೆರಳಾಡಿಸಿದರೂ ಹಣ್ಣಿನ ಅಂಚು ತಿಳಿಯುತ್ತದೆ. ಹಣ್ಣಿನ ತುದಿಗೆ ಬಣ್ಣ ದಟ್ಟ, ಬುಡಕ್ಕೆ ಬರುತ್ತಾ ಬಿಳಿಯಲ್ಲಿ ಕರಗುತ್ತದೆ. ಕುಂಚ ಎಲ್ಲಿ ಎತ್ತಿದ ಅಂತಲೂ ಕಾಣುತ್ತದೆ.

ಈ ಹೂಜಿಯ ಪೀಚ್ ಲೂಪಿನಲ್ಲಿ ಚುಕ್ಕೆ ಚುಕ್ಕೆಯಾಗಿ ಒಡೆಯಿತು. ಲಗ್ನಪತ್ರಿಕೆಯ ಗಣಪತಿಯನ್ನು ಲೂಪಿನಲ್ಲಿ ನೋಡಿದರೆ ಬರುವಂಥ ಚುಕ್ಕೆ. ಅಚ್ಚು ಹಾಕಿದ ಕಾಗದ ಅಂಟಿಸಿ ಸುಟ್ಟದ್ದು. ಅಲ್ಲಿಗೆ ಮುಗಿಯಿತು.

ಅದೇ ಹೊತ್ತಿಗೆ ಗಂಡ ಹೆಂಡತಿ ಇಬ್ಬರು ಬಂದರು. ವಿದ್ಯಾನಗರದಲ್ಲಿ ಹೊಸ ಮನೆ, ಹಾಲ್‌ನಲ್ಲಿ ಇಡಲು ಏನಾದರೂ ದೊಡ್ಡದು ಬೇಕಾಗಿತ್ತು. ಆ ಹೆಣ್ಣುಮಗಳು ಹೂಜಿ ನೋಡಿ, "ಇದು ಖರೇನ ಚೀನಾದ್ದ ಏನ್ರಿ?" ಅಂತ ಕೇಳಿದರು. ಚಾಚಾ ಹೇಳಿದ್ದು: "ಚೀನಾದ್ದು ಖರೇ ಐತ್ರಿ ಅಕ್ಕಾರ. ಹಳೇದು ಅನ್ನೂದಷ್ಟ ಖರೇ ಅಲ್ಲ." ಅವರು ಮುಖ ಮುಖ ನೋಡಿಕೊಂಡರು. ಆಮೇಲೆ ಬೇರೆ ಕಪಾಟಿನಲ್ಲಿದ್ದ, ಹೊಸದು ಅಂತಲೇ ಇಟ್ಟಿದ್ದ ನೀಲಿ ಹೂಜಿಯನ್ನು 3,500ಕ್ಕೆ ತಗೊಂಡು ಹೋದರು. ಚೆನ್ನಾಗಿಯೇ ಇತ್ತು. ಹಾಲ್‌ನಲ್ಲಿ ಇಡಲು ಅದು ಧಾರಾಳ ಸಾಕು.

ಇದನ್ನು ಮೆಚ್ಚಿಕೊಂಡೆ. ಆದರೆ ನನ್ನ ದೊಡ್ಡ ತಕರಾರೂ ಇಲ್ಲೇ ಇದೆ. ಕೇಳಿದವರಿಗೆ ಖರೇ ಹೇಳುತ್ತಾರೆ, ಸರಿ. ಕೇಳದೆ ಚೀಟಿ ಓದಿ ರೊಕ್ಕ ಎಣಿಸಿದವನ ಗತಿ ಏನು? ಆ ಚೀಟಿ ಇನ್ನೂ ಕತ್ತಿಗೆ ನೇತಾಡುತ್ತಿದೆ. "ಮಾಲಿನವರು ಬರ್ದಾರ್ರಿ, ನಾ ಹ್ಯಾಂಗ ಹರೀಲಿ?" ಅನ್ನುತ್ತಾರೆ ಚಾಚಾ. ಅಂಗಡಿ ನಿಮ್ಮದು, ಬಾಗಿಲು ನಿಮ್ಮದು, ಹರಿಯುವ ಕೈಯೂ ನಿಮ್ಮದೇ ಅಲ್ವಾ? ಇದಕ್ಕಾಗಿಯೇ ಐದರಲ್ಲಿ ಒಂದು ಅಂಕ ಕಡಿಮೆ ಕೊಡುತ್ತಿದ್ದೇನೆ.

ಇದರ ನಡುವೆ ಇನ್ನೊಂದು ಮಾತೂ ನೆನಪಿರಲಿ. ಬಲ್ಲವರ ಮಾತಿಗೆ ಬೆಲೆ ಇಲ್ಲದಂತೆ ಮಾಡುವವರು ಕೊಳ್ಳುವವರೇ. 2022ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಫೊಂಟೆನ್‌ಬ್ಲೋದಲ್ಲಿ ಒಂದು ನೀಲಿ-ಬಿಳಿ ಡ್ರ್ಯಾಗನ್ ಹೂಜಿ ಹರಾಜಿಗೆ ಬಂತು. ಇದೇ ಗುಂಡು ಹೊಟ್ಟೆಯ ಜಾತಿ. ಹರಾಜಿನವರ ಪರೀಕ್ಷಕ ಅದು 20ನೇ ಶತಮಾನದ ಸಾಮಾನ್ಯ ಹೂಜಿ ಅಂತ ಹೇಳಿ 1,500ರಿಂದ 2,000 ಯುರೋ ಅಂದಾಜು ಕಟ್ಟಿದ. ಕೊಳ್ಳುವವರು 18ನೇ ಶತಮಾನದ್ದು ಅಂತ ನಂಬಿ ಏರಿಸಿ ಏರಿಸಿ 77 ಲಕ್ಷ ಯುರೋಗೆ ನಿಲ್ಲಿಸಿದರು. ಪರೀಕ್ಷಕ ತನ್ನ ಮಾತು ಬದಲಿಸಲಿಲ್ಲ, ಅವನ ಕೆಲಸ ಹೋಯಿತು. ಒಡವೆ ಪರೀಕ್ಷೆ ಮಾಡುವವನಾಗಿ ನನಗೆ ಆ ಮನುಷ್ಯನ ಮೇಲೆ ಕನಿಕರ.

ಇನ್ನೊಂದು ಕಡೆ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಒಬ್ಬರು ಮನೆ ಅಂಗಳದ ಮಾರಾಟದಲ್ಲಿ 35 ಡಾಲರಿಗೆ ಕೊಂಡ ಬಟ್ಟಲು 15ನೇ ಶತಮಾನದ ಮಿಂಗ್ ಬಟ್ಟಲಾಗಿತ್ತು. 2021ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 7,21,800 ಡಾಲರಿಗೆ ಹೋಯಿತು. ಈ ಸುದ್ದಿ ಬಂದಾಗಿನಿಂದ ಭರಣಿ ಹೊತ್ತು ಬರುವವರು ಜಾಸ್ತಿಯಾಗಿದ್ದಾರೆ ಅಂತ ಚಾಚಾನ ಗೋಳು. ಜನ ತರುವುದು ಉಪ್ಪಿನಕಾಯಿಯ ಕಂದು-ಬಿಳಿ ಭರಣಿಗಳನ್ನೇ. ಅವು ನಮ್ಮ ದೇಶದ ಕಾರ್ಖಾನೆಗಳಲ್ಲೇ ಆದವು. ಉಪ್ಪಿನಕಾಯಿ ಹಾಕಿ ಇಟ್ಟುಕೊಳ್ಳಿ.

ಧಾರವಾಡದ ಹಳೇ ಬಂಗಲೆಗಳಿಂದ ಬರುವ ಇನ್ನೊಂದು ಸಾಮಾನು ನೀಲಿ ತಟ್ಟೆ: ಸೇತುವೆ, ಅದರ ಮೇಲೆ ಮೂವರು, ಬಾಗಿದ ಮರ, ಮೇಲೆ ಎರಡು ಹಕ್ಕಿ. ಎಲ್ಲರೂ ಚೀನಾದ್ದು ಅನ್ನುತ್ತಾರೆ. ಆ ಚಿತ್ರ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 18ನೇ ಶತಮಾನದ ಕೊನೆಗೆ, ಚೀನಾದ ತಟ್ಟೆಗಳನ್ನು ನೋಡಿ ಮಾಡಿದ್ದು. ಅಚ್ಚಿನ ಕಾಗದದಿಂದ ಇಳಿಸಿದ ಚಿತ್ರ. ಅಂಚಿನ ಸುತ್ತ ಕಣ್ಣಾಡಿಸಿದರೆ ಕಾಗದದ ಎರಡು ತುದಿ ಸೇರಿದ ಜಾಗದಲ್ಲಿ ಬಳ್ಳಿ ಸರಿಯಾಗಿ ಕೂಡಿರುವುದಿಲ್ಲ. ಚಾಚಾ ಇದನ್ನು "ಇಂಗ್ಲಿಷ್ ತಾಟು" ಅಂತಲೇ ಮಾರುತ್ತಾರೆ, ಆದರೆ 900 ರೂಪಾಯಿ. ಜಾಸ್ತಿಯಾಯಿತು. ಅಂಚು ಒಡೆದದ್ದಕ್ಕೂ ಅದೇ ರೇಟು.

ಒಂದು ಹಸಿರು ತಟ್ಟೆಯೂ ಇದೆ, ದಪ್ಪ ಮೆರುಗಿನದು. ಇಂಥ ತಟ್ಟೆಯಲ್ಲಿ ವಿಷ ಹಾಕಿದ ಊಟ ಬಡಿಸಿದರೆ ಬಣ್ಣ ಬದಲಾಗುತ್ತದೆ, ಇಲ್ಲವೇ ತಟ್ಟೆ ಒಡೆಯುತ್ತದೆ ಅನ್ನುವ ನಂಬಿಕೆ ಹಿಂದಿನ ನವಾಬರಿಗೆ ಇತ್ತು. "ಇಸಾ ಹಾಕಿ ಯಾರ ನೋಡಾವ್ರು?" ಅಂತ ಚಾಚಾ. ತಟ್ಟೆ ಹೊಸದು, 1,200.

ಕೋಳಿ ಚಿತ್ರದ ಸಣ್ಣ ಬಟ್ಟಲುಗಳು ಒಂದು ಡಬ್ಬಿ ತುಂಬ ಇವೆ, ಒಂದಕ್ಕೆ 300. ಮಿಂಗ್ ದೊರೆ ಚೆಂಗ್‌ಹುವಾ ಕಾಲದ ಅಸಲಿ ಬಟ್ಟಲೊಂದು 2014ರಲ್ಲಿ ಹಾಂಗ್‌ಕಾಂಗ್‌ನಲ್ಲಿ 28 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಮಾರಾಟವಾಗಿ, ಕೊಂಡ ಶಾಂಘೈ ಸಾಹುಕಾರ ಅದರಲ್ಲೇ ಚಹಾ ಕುಡಿದ. ಈ 300ರ ಬಟ್ಟಲು ನಕಲು ಅಂತ ಯಾರಿಗೂ ಅನುಮಾನವಿಲ್ಲ, ಯಾರೂ ಸುಳ್ಳೂ ಹೇಳುತ್ತಿಲ್ಲ. ನಾನು ನಾಲ್ಕು ತಂದೆ. ಚಹಾಕ್ಕೆ ಚಲೋ ಇವೆ.

ಹಸಿರು ಕಲ್ಲಿನ ಸಾಮಾನಿನ ಬಗ್ಗೆ ಹುಷಾರು. ಜೇಡ್ ಅಂತ ಕೇಳಿಕೊಂಡು ಬರುವವರು ಇದ್ದಾರೆ. ಒಂದು ಪುಟ್ಟ ಕಪ್ಪೆಯನ್ನು ನನ್ನ ತಕ್ಕಡಿಯಲ್ಲಿ ತೂಗಿದೆ. ಗಾಳಿಯಲ್ಲಿ 31.2 ಗ್ರಾಂ. ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದಾಗ 12.4 ಗ್ರಾಂ ಕಡಿಮೆ ಬಂತು. 31.2ನ್ನು 12.4ರಿಂದ ಭಾಗಿಸಿದರೆ ಸುಮಾರು ಎರಡೂವರೆ, ಅಂದರೆ ಕಪ್ಪೆ ನೀರಿಗಿಂತ ಅಷ್ಟು ಪಟ್ಟು ಭಾರ. ಚೀನಾದವರು ಹಿಂದಿನಿಂದ ಬಳಸಿದ ನೆಫ್ರೈಟ್ ಜೇಡ್ ಆಗಿದ್ದರೆ ಸುಮಾರು 2.95, ಬರ್ಮಾದ ಜೇಡೈಟ್ ಆಗಿದ್ದರೆ 3.3ರ ಮೇಲೆ ಬರಬೇಕು. ಲೂಪಿನಲ್ಲಿ ಒಳಗೆ ಗುಂಡು ಗುಳ್ಳೆಗಳೂ ಕಂಡವು. ಗಾಜು. ಚಾಚಾ ಚೀಟಿಯಲ್ಲಿ "ಹಸಿರು ಕಪ್ಪೆ" ಅಂತ ಮಾತ್ರ ಬರೆದಿದ್ದರು, ತಪ್ಪು ಹಿಡಿಯಲು ಬರಲಿಲ್ಲ.

ಲ್ಯಾಬ್ ಪರೀಕ್ಷೆ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಇದೆ. ಮಣ್ಣು ಕೊನೆಯ ಸಲ ಯಾವಾಗ ಸುಟ್ಟಿತು ಅಂತ ಹೇಳುವ ಥರ್ಮೋಲ್ಯುಮಿನೆಸೆನ್ಸ್ ಪರೀಕ್ಷೆಗೆ ಪಾತ್ರೆಯಿಂದ ಸ್ವಲ್ಪ ಕೊರೆದು ಕೊಡಬೇಕು. 2,200ರ ತಟ್ಟೆಗೆ ಅದು ಮೂಗಿಗಿಂತ ಮೂಗುತಿ ಭಾರ. ಒಳ್ಳೆ ನಕಲಿನವರು ಹಳೇ ಪಾತ್ರೆಯ ಬುಡವನ್ನೇ ಹೊಸ ಮೈಗೆ ಅಂಟಿಸುತ್ತಾರೆ, ಬುಡದಲ್ಲಿ ಕೊರೆದವನಿಗೆ ಹಳೇ ವಯಸ್ಸೇ ಬರುತ್ತದೆ. ನನ್ನ ಕ್ಯಾರಟ್ ಮಷಿನ್ ತಂದು ಹಿಡಿದರೆ ಆಗದೇ ಅಂತ ನನ್ನ ಅಳಿಯನ ಪ್ರಶ್ನೆ. ಮೆರುಗಿನ ಪರೀಕ್ಷೆಗೂ ಅದೇ ಎಕ್ಸ್‌ರೇ ವಿದ್ಯೆ ಬಳಸುತ್ತಾರೆ, ನೀಲಿಯಲ್ಲಿ ಕೋಬಾಲ್ಟ್ ಜೊತೆ ಮ್ಯಾಂಗನೀಸ್ ಎಷ್ಟಿದೆ, ಕಬ್ಬಿಣ ಎಷ್ಟಿದೆ ಅಂತ ನೋಡುತ್ತಾರೆ. ಆದರೆ ನಮ್ಮ ಮಷಿನ್ನು ಬಂಗಾರ-ಬೆಳ್ಳಿಯ ಲೆಕ್ಕಕ್ಕೆ ಹೊಂದಿಸಿದ್ದು. ಪಿಂಗಾಣಿ ಮುಂದಿಟ್ಟರೆ ಏನೇನೋ ಅಂಕಿ ತೋರಿಸುತ್ತದೆ, ನಂಬಬಾರದು.

ಕಾಗದಪತ್ರದ ವಿಷಯದಲ್ಲಿ ಅಂಗಡಿ ಚೊಕ್ಕ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ಸಾಮಾನನ್ನು ಮಾರುವವರಿಗೆ ಲೈಸೆನ್ಸ್ ಬೇಕು. ಚಾಚಾನ ಹತ್ತಿರ ಇದೆ, ಗೋಡೆಗೆ ಕಟ್ಟು ಹಾಕಿಸಿ ಹಾಕಿದ್ದಾರೆ. ಅಮೆರಿಕದ ಮಗನಿಗೆ ಕಳಿಸಲು ಕೊಳ್ಳುವವರು ತಿಳಿದಿರಿ, ನಿಜವಾಗಿ ನೂರು ವರ್ಷದ್ದಾದರೆ ನೀವು ದೇಶದ ಹೊರಗೆ ಸಾಗಿಸುವ ಹಾಗಿಲ್ಲ. ಬಿಲ್ಲಿನ ಮೇಲೆ ಏನು ಬರೆಯುತ್ತಾರೆ ಅನ್ನುವುದನ್ನು ನಿಂತು ನೋಡಿ. ನನ್ನ ತಟ್ಟೆಗೆ "ಚೀನಾ ತಾಟು, ಹಳೇದು, ಒಂದು ಕಡೆ ಸೀಳು" ಅಂತ ಬರೆದುಕೊಟ್ಟರು. ಬಟ್ಟಲುಗಳಿಗೆ "ಹೊಸದು, ಹಳೇ ನಮೂನಿ". ಬಾಯಿಮಾತಿಗೆ ಒಪ್ಪಿ ಬಿಲ್ಲಿಗೆ ಒಪ್ಪದ ಅಂಗಡಿಗಳನ್ನು ನಾನು ಬೆಳಗಾವಿಯಲ್ಲೂ ನೋಡಿದ್ದೇನೆ, ಪಣಜಿಯಲ್ಲೂ ನೋಡಿದ್ದೇನೆ. ಇಲ್ಲಿ ಕೇಳಿದರೆ ಬರೆಯುತ್ತಾರೆ. ಕೇಳಲೇಬೇಕು.

ವಾಪಸ್ ತಗೊಳ್ಳುವುದಿಲ್ಲ. ಕಾರ್ಡ್ ನಡೆಯುವುದಿಲ್ಲ, ಫೋನ್‌ಪೇ ನಡೆಯುತ್ತದೆ. ಕಟ್ಟಿ ಕೊಡುವುದು ಮಾತ್ರ ತೀರಾ ಕಳಪೆ: ಹಳೇ ಪೇಪರ್ ಒಂದು ಸುತ್ತು, ಮೇಲೆ ಪ್ಲಾಸ್ಟಿಕ್ ಚೀಲ. ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗುವವರು ಮನೆಯಿಂದಲೇ ಎರಡು ಹಳೇ ಟವೆಲ್ ತನ್ನಿ. ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋದರೆ ಸಂದಿಗೆ ಬಿಸಿಲು ಬಂದಿರುತ್ತದೆ, ಟಾರ್ಚು ಅಷ್ಟು ಬೇಕಾಗುವುದಿಲ್ಲ. ಗಾಡಿಯನ್ನು ದೂರ ನಿಲ್ಲಿಸಿ ನಡೆದು ಹೋಗಿ, ದುರ್ಗದಬೈಲಿನಲ್ಲಿ ಜಾಗ ಸಿಗುವುದಿಲ್ಲ. ಮೇಲಿನ ಕಪಾಟಿನ ಎಡಗಡೆ ಮೂಲೆಯಲ್ಲಿ ನನ್ನ ತಟ್ಟೆಯ ಜೋಡಿ ಇನ್ನೊಂದು ಕೂತಿದೆ, ಅದಕ್ಕೆ ಸೀಳಿಲ್ಲ, 2,800 ಹೇಳುತ್ತಾರೆ. 2,500ಕ್ಕೆ ಬರುತ್ತದೆ.